ದಯವಿಟ್ಟು ಎಲೆ ಮಡಚಬೇಡಿ

ಮಂಟಪದಲ್ಲಿ ಹೊಟ್ಟೆ ತುಂಬ ಊಟ ಮಾಡಿ ಬಂದಿದ್ದೀರಾ? ಹಾಗಾದರೆ ಕೈ ಒರೆಸಿಕೊಂಡು ಇದನ್ನೊಮ್ಮೆ ಓದಿ…

ತುಮಕೂರಿನ ಒಂದು ಕಲ್ಯಾಣ ಮಂಟಪ. ಅಲ್ಲಿ ಕ್ಲೀನಿಂಗ್ ಕಾಂಟ್ರಾಕ್ಟ್ ವಿಶಾಲಾಕ್ಷಿಯದು. ಅವಳ ಜೊತೆ ನಾಲ್ಕೈದು ಹೆಂಗಸರು.

ಮುಹೂರ್ತಗಳ ಸೀಸನ್… ವಾರದಿಂದ ಸರಿಯಾಗಿ ನಿದ್ದೆಯಿಲ್ಲ. ಮಂಡಿ ಊದಿಕೊಂಡಿದೆ. ಎಷ್ಟು ಸೋಪು ಹಚ್ಚಿದರೂ ಬೆರಳಿನ ಸಾರಿನ ವಾಸನೆ ಹೋಗುವುದಿಲ್ಲ.

ಬೇರೆ ಕಡೆಯವರದು ಸುಲಭದ ಕೆಲಸ. ಟೇಬಲ್ ಮೇಲೆ ಹಾಸಿದ ಪೇಪರ್ ಸಮೇತ ಎಲೆ, ಬಾಟ್ಲಿ, ಲೋಟ ಎಲ್ಲ ಒಟ್ಟಿಗೆ ಸುತ್ತಿ ಕವರಿಗೆ ತುಂಬುತ್ತಾರೆ. ಮುಗಿಯಿತು!

ವಿಶಾಲಾಕ್ಷಿ ಹಾಗಲ್ಲ. ಹಿತ್ತಲಲ್ಲಿ ಕೂತು ಒಂದೊಂದೇ ಎಲೆ ಬಿಚ್ಚುತ್ತಾಳೆ. ಬಾಟ್ಲಿ ಗುಜರಿಗೆ, ಪೇಪರ್ ಬೇರೆ ಚೀಲಕ್ಕೆ, ಎಲೆ ಪಕ್ಕದ ಬೀದಿಯ ಮುದುಕಿ ಕೆಂಪಮ್ಮನ ಹಸುವಿಗೆ.

ಯಾಕೆಂದರೆ ನಮ್ಮ ಜನ ಎಲೆ ಬರೀ ಮಡಚುವುದಿಲ್ಲ… ಐಸ್‌ಕ್ರೀಂ ಕಪ್ಪು, ಚಮಚ, ಬೀಡಾಕ್ಕೆ ಚುಚ್ಚಿದ ಕಡ್ಡಿ, ಎಲ್ಲವನ್ನೂ ಒಳಗಿಟ್ಟು ಚೆಂದವಾಗಿ ಮಡಚುತ್ತಾರೆ!

ಅವತ್ತು ಜವಳಿ ವ್ಯಾಪಾರಿ ನಾಗಭೂಷಣ ಶೆಟ್ಟರ ಅರವತ್ತರ ಶಾಂತಿ. ಎರಡು ಪಂಕ್ತಿ ಊಟ ಆಗಿತ್ತು, ಕೊನೆಯದೊಂದು ಬಾಕಿ. ಅಷ್ಟರಲ್ಲಿ ಮ್ಯಾನೇಜರ್ ರುದ್ರೇಶ್ ಬಂದು ರೇಗಿದ.

"ಏನ್ರೀ ವಿಶಾಲಮ್ಮ, ಸಂಜೆ ರಿಸೆಪ್ಷನ್‌ನವರು ಬಂದು ಗೇಟಲ್ಲಿ ನಿಂತವ್ರೆ! ನಿಮ್ದು ಕ್ಲೀನಿಂಗ್ ಕಂಪನಿನೋ, ಎಲೆ ಬಿಚ್ಚೋ ಕಂಪನಿನೋ? ನಾಳೆಯಿಂದ ಸುತ್ತಿ ಎಸೀರಿ. ಆಗಲ್ಲ ಅಂದ್ರೆ ಬೇರೆಯವರನ್ನ ನೋಡ್ಕೋತೀನಿ."

ನಿಜ ಹೇಳಬೇಕೆಂದರೆ, ವಿಶಾಲಾಕ್ಷಿಗೂ ಸಾಕಾಗಿತ್ತು.

ಹಿತ್ತಲ ಬೇವಿನ ನೆರಳಲ್ಲಿ ಕೆಂಪಮ್ಮ ತನ್ನ ಹಸು ಹಿಡಿದು ನಿಂತಿದ್ದಳು. ಗಬ್ಬದ ಹಸು, ದಿನ ತುಂಬಿತ್ತು. ಬೆಳಿಗ್ಗೆ ಶೆಟ್ಟರ ಗೋಪೂಜೆಗೂ ಅದೇ ಹಸುವನ್ನು ತಂದಿದ್ದಳು.

"ಕೆಂಪಮ್ಮ… ನಾಳೆಯಿಂದ ಎಲೆ ಇಲ್ಲ ಕಣಮ್ಮ. ನನ್ನ ಕೈಲಿ ಆಗಲ್ಲ."

ಮುದುಕಿ ಹಸುವಿನ ಬೆನ್ನು ಸವರಿದಳು. "ಆಗ್ಲಿ ಬಿಡವ್ವ. ನಿನ್ನ ಕೈ ನೋಡಿದ್ರೆ ನಂಗೇ ಸಂಕಟ ಆಯ್ತದೆ. ಇಲ್ಲಿ ಸಿಗದಿದ್ರೆ ಇದು ತಿಪ್ಪೆ ಕಡೆ ಹೋಯ್ತದೆ, ಕಟ್ಟಾಕಿ ಸಾಕೋ ಶಕ್ತಿ ನಂಗಿಲ್ಲ. ಇದರವ್ವನೂ ಹಂಗೇ ಹೋಗಿದ್ದು… ಹೊಟ್ಟೆ ತುಂಬಾ ಪ್ಲಾಸ್ಟಿಕ್ಕು. ಹಸಿವಿಗೆ ಅದೆಲ್ಲ ಗೊತ್ತಾಯ್ತದಾ?"

ವಿಶಾಲಾಕ್ಷಿ ಮುಖ ತಿರುಗಿಸಿ ಕೂತಳು. ಕೊನೇ ದಿನವಾದರೂ ಸರಿಯಾಗಿ ಬಿಚ್ಚೋಣ ಎಂದು ಎಲೆಗೆ ಕೈ ಹಾಕಿದಳು.

ಊಟ ಮುಗಿಸಿ, ಗಾಳಿಗೆಂದು ಹಿತ್ತಲಿಗೆ ಬಂದ ಶೆಟ್ಟರು ಇದನ್ನು ನೋಡಿ ಬೆಚ್ಚಿಬಿದ್ದರು!

"ಅಯ್ಯಯ್ಯೋ, ಏನಮ್ಮ ಇದು! ನನ್ನ ಶಾಂತಿ ದಿನ ನೀವು ಎಂಜಲೆಲೆಯಲ್ಲಿ ಹುಡುಕಿ ತಿನ್ನೋದಾ? ನನಗೆ ಪಾಪ ಸುತ್ಕೊಳಲ್ವಾ? ಲೋ, ಯಾರ್ರೋ ಅಲ್ಲಿ, ಇವರಿಗೆ ಮೊದಲು ಬಡಿಸ್ರೋ!"

ಹೆಂಗಸರು ತಲೆ ತಗ್ಗಿಸಿದರು. ವಿಶಾಲಾಕ್ಷಿಗೆ ಬೇಜಾರೂ ಆಗಲಿಲ್ಲ… ಬೇಜಾರು ಮಾಡಿಕೊಳ್ಳುವುದಕ್ಕೂ ಶಕ್ತಿ ಬೇಕಲ್ಲ.

"ತಿನ್ನೋಕಲ್ಲ ಯಜಮಾನ್ರೇ. ಇದನ್ನ ತೆಗೆಯೋಕೆ." ಮುರಿದ ಚಮಚ, ಬೀಡಾ ಕಡ್ಡಿ ಎತ್ತಿ ತೋರಿಸಿದಳು. "ಬೆಳಿಗ್ಗೆ ನೀವು ಪೂಜೆ ಮಾಡಿದ ಹಸು ತಿನ್ನೋದು ಇವೇ ಎಲೆ."

ಶೆಟ್ಟರು ನಕ್ಕರು. "ನಮ್ಮ ಕಡೆಯವರು ಅಂಥವರಲ್ಲಮ್ಮ. ಯಾರೋ ಮಕ್ಕಳು ಮಾಡಿರಬೇಕು."

ಆಗ ಅವರ ಕಣ್ಣು ರಾಶಿಯ ಮೇಲೆ ಬಿತ್ತು. ಅವತ್ತು ಎಲ್ಲರಿಗೂ ತುಂಡೆಲೆ, ದಂಪತಿಗೆ ಮಾತ್ರ ಉದ್ದನೆಯ ಕುಡಿ ಬಾಳೆಲೆ ಹಾಕಿದ್ದರು. ಆ ಎರಡೂ ಅಲ್ಲೇ ಮೇಲಿದ್ದವು.

"ಅದು ಬೇಡ ಬಿಡಿ ಯಜಮಾನ್ರೇ…" ಎಂದಳು ವಿಶಾಲಾಕ್ಷಿ.

ಶೆಟ್ಟರು ತಾವೇ ಬಗ್ಗಿ ತಮ್ಮ ಎಲೆ ಬಿಚ್ಚಿದರು.

ಹಿಚುಕಿದ ನೀರಿನ ಬಾಟ್ಲಿ… ಐಸ್‌ಕ್ರೀಂ ಕಪ್ಪು… ಚಮಚ… ಕಡ್ಡಿ.

ಊಟ ಚೆನ್ನಾಗಿತ್ತೆಂದು ತಮ್ಮ ಕಡೆಗೇ ಮರ್ಯಾದೆಯಿಂದ ಮಡಚಿದ್ದ ಎಲೆ ಅದು.

ಶೆಟ್ಟರು ತಲೆಯೆತ್ತಿದರು. ಬೇವಿನ ಕೆಳಗೆ ನಿಂತಿದ್ದ ಹಸುವಿನ ಹಣೆಯಲ್ಲಿ ಅವರು ಹಚ್ಚಿದ ಕುಂಕುಮ ಇನ್ನೂ ಹಾಗೇ ಇತ್ತು.

"ಬೆಳಿಗ್ಗೆ ಇದರ ಕಾಲಿಗೆ ಬಿದ್ದೆ… ಮಧ್ಯಾಹ್ನ ಇದನ್ನ ತಿನ್ನಿಸ್ತಿದ್ದೆನಲ್ಲಮ್ಮ!" ಅರವತ್ತರ ಮನುಷ್ಯ ಎಲ್ಲರೆದುರು ಅತ್ತುಬಿಟ್ಟರು.

ಕೊನೆಯ ಪಂಕ್ತಿ ಕೂತಿತು. ಶೆಟ್ಟರು ಮೈಕ್ ಹಿಡಿದರು.

"ಊಟ ನಿಧಾನವಾಗಲಿ. ಒಂದೇ ಒಂದು ಬೇಡಿಕೆ… ದಯವಿಟ್ಟು ಯಾರೂ ಎಲೆ ಮಡಚಬೇಡಿ. ಬಾಟ್ಲಿ, ಕಪ್ಪು ಪಕ್ಕಕ್ಕಿಡಿ. ನಾನೇ ಬಂದು ತಗೋತೀನಿ."

ಬೀಗರೊಬ್ಬರು ಗೊಣಗಿದರು. "ಎಲೆ ಮಡಚದೆ ಏಳೋದು ಅಪಶಕುನ ಅಲ್ವಾ ಶೆಟ್ರೇ?"

"ಅಪಶಕುನ ನನಗೇ ಇರಲಿ ಬೀಗ್ರೇ. ಹಸು ಬದುಕ್ಲಿ."

ಜರಿ ಪಂಚೆ ಎತ್ತಿ ಕಟ್ಟಿ, ಬಕೆಟ್ ಹಿಡಿದು ಪಂಕ್ತಿಯುದ್ದಕ್ಕೂ ಅವರೇ ನಡೆದರು. ಸಾಲು ಸಾಲಾಗಿ ತೆರೆದೇ ಬಿದ್ದಿದ್ದ ಎಲೆಗಳನ್ನು ವಿಶಾಲಾಕ್ಷಿ ನೋಡುತ್ತಾ ನಿಂತಳು. ಇಷ್ಟು ವರ್ಷದಲ್ಲಿ ಅವಳಿಗಾಗಿ ಯಾರೂ ಒಂದು ಎಲೆಯನ್ನೂ ಮಡಚದೆ ಬಿಟ್ಟಿರಲಿಲ್ಲ. ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಹಾಲ್ ಬೇಗನೇ ಖಾಲಿಯಾಯಿತು. ರುದ್ರೇಶ್ ಗಡಿಯಾರ ನೋಡಿದ, ರಿಸೆಪ್ಷನ್‌ನವರಿಗೆ ಗೇಟು ತೆಗೆಯಲು ಹೋದ.

ಹಸು ಎಲೆ ಮೆಲ್ಲುತ್ತಿತ್ತು. ಕೆಂಪಮ್ಮ ಮೆಲ್ಲಗೆ ಕೇಳಿದಳು. "ನಾಳೆಯಿಂದ ಇಲ್ಲ ಅಂದಿದ್ದೆಯಲ್ಲವ್ವ?"

ವಿಶಾಲಾಕ್ಷಿ ಊದಿದ ಮಂಡಿ ನೀವಿಕೊಳ್ಳುತ್ತಾ ಎದ್ದಳು.

"ನಾಳೆ ಬೇರೆಯವರ ಮದುವೆ ಕೆಂಪಮ್ಮ. ಅವರು ಮಡಚೇ ಮಡಚ್ತಾರೆ… ಮ್ಯಾನೇಜರ್ ರೇಗಿದ್ರೆ ರೇಗ್ಲಿ, ಹಸು ಕರ್ಕೊಂಡು ಬಾ. ಬಿಚ್ಚೋಣ."

*

ಮಡಚಿಟ್ಟ ಮಾತ್ರಕ್ಕೆ ಕಸ ಮಾಯವಾಗುವುದಿಲ್ಲ… ಇನ್ನೊಬ್ಬರ ಕೈಯೋ, ಇನ್ನೊಂದು ಜೀವದ ಹೊಟ್ಟೆಯೋ ಅದನ್ನು ಬಿಚ್ಚಲೇಬೇಕು.

ಕೊನೆಯ ಸಲ ನೀವು ಮಡಚಿ ಎದ್ದ ಎಲೆಯೊಳಗೆ… ಏನೇನಿತ್ತು, ನೆನಪಿದೆಯಾ?