ಹಳೆಯ ಟೆನ್ಷನರ್

"ಹಳೆಯ ಚೈನ್ ಟೆನ್ಷನರ್ ಎಲ್ಲಿ, ಉಮರಾಕ?" ಎಂದು ನರ್ಸ್ ಕ್ಯಾರಲ್ ಕೇಳಿದಾಗ ಮೆಕ್ಯಾನಿಕ್ ಉಮರ್ ಕೈ ಒರೆಸುವುದನ್ನು ನಿಲ್ಲಿಸಿದ. ಅಲ್ ಕೂಜ್‌ನ ಆ ಗ್ಯಾರೇಜಿನಲ್ಲಿ ಅವಳ ದೊಡ್ಡ ಬೈಕು ಸಿದ್ಧವಾಗಿ ನಿಂತಿತ್ತು. ಮರುಭೂಮಿಯ ಬಿಸಿಲಿಗೆ ಎಂಜಿನ್ ಅತಿಯಾಗಿ ಬಿಸಿಯಾಗದಿರಲೆಂದು ಆಯಿಲ್ ಕೂಲರ್, ಎಂಜಿನ್ ಒಳಗಿನ ಚೈನ್ ಸಡಿಲಾಗಿ ದಾರಿಯಲ್ಲಿ ಕೈಕೊಡದಿರಲೆಂದು ಅದನ್ನು ಬಿಗಿಯಾಗಿಡುವ ಹೊಸ ಟೆನ್ಷನರ್ ಹಾಕಿಸಿದ್ದಳು. ಬಿಚ್ಚಿದ ಹಳೆಯ ಸಾಮಾನೆಲ್ಲ ಡಬ್ಬದಲ್ಲಿತ್ತು, ಅದೊಂದನ್ನು ಬಿಟ್ಟು.

"ಅದನ್ನು ಬಿಸಾಡಿದೆ ಸಿಸ್ಟರ್."

"ಉಳಿದದ್ದೆಲ್ಲ ಇಟ್ಟು ಅದೊಂದನ್ನೇ ಬಿಸಾಡಿದ್ದಾ? ನೀವು ಬದಲಿಸಲೇ ಇಲ್ಲ. ಬಿಚ್ಚಿ, ನಾನು ನೋಡಬೇಕು."

ಉಮರ್ ಎಂಜಿನ್ನಿನ ಕವರ್ ಕಳಚಿದ. ಒಳಗೆ ಹೊಸದೇ ಇತ್ತು. ಕ್ಯಾರಲ್‌ಗೆ ನಾಚಿಕೆಯಾಯಿತು. ಆದರೆ ಅವನ ಮುಖದಲ್ಲಿ ಗೆದ್ದವನ ಕಳೆ ಇರಲಿಲ್ಲ; ಕಣ್ಣು ಡ್ರಾಯರಿನ ಕಡೆಗೇ ಹೋಗುತ್ತಿತ್ತು.

"ಮತ್ತೆ ಹಳೆಯದನ್ನು ಯಾಕೆ ಅಡಗಿಸಿದ್ರಿ?"

ಅವನು ಡ್ರಾಯರಿನಿಂದ ಅದನ್ನು ತೆಗೆದು ಅವಳ ಅಂಗೈಯಲ್ಲಿಟ್ಟ. ಚೈನ್ ಉಜ್ಜುವ ಕಡೆ ಪೂರ್ತಿ ಸವೆದು, ತುದಿ ಮುರಿದಿತ್ತು.

"ಹೋದ ವರ್ಷ ನಿಮಗೆ ‘ಟೆನ್ಷನರ್ ನೋಡಿದ್ದೇನೆ, ಏನೂ ಆಗಿಲ್ಲ’ ಅಂದಿದ್ದೆ," ಎಂದ ಉಮರ್, ನೆಲ ನೋಡುತ್ತಾ. "ನೋಡಿರಲಿಲ್ಲ ಸಿಸ್ಟರ್. ಬಿಚ್ಚಿಯೇ ಇರಲಿಲ್ಲ."

ಆ ಒಂದು ವರ್ಷ ಅವಳು ದಿನಾ ಇದೇ ಬೈಕಿನಲ್ಲಿ ನೂರಕ್ಕೂ ಹೆಚ್ಚು ಕಿಲೋಮೀಟರ್ ದೂರದ ಅಬುಧಾಬಿಯ ಆಸ್ಪತ್ರೆಗೆ ಹೋಗಿ ಬಂದಿದ್ದಳು. ಕ್ಯಾರಲ್ ಹೆಲ್ಮೆಟ್ ಕೆಳಗಿಟ್ಟು, ಸ್ಟೂಲ್ ಎಳೆದು ಎಂಜಿನ್ ಎದುರು ಕೂತಳು.

"ಎಲ್ಲ ಬಿಚ್ಚಿ," ಎಂದಳು. "ಇವತ್ತು ನಾನು ನೋಡ್ತಾ ಕೂತಿರ್ತೇನೆ."