ಬೇಲಿಯಾಚೆಯ ನಾಗಬನ

ಹಸಿ ಅರಸಿನದ ವಾಸನೆ ಬಂದರೆ ಈಗಲೂ ನನ್ನ ಕೈ ತಾನಾಗಿ ಮುಷ್ಟಿಯಾಗುತ್ತದೆ.

ವಿಮಾನ ನಿಲ್ದಾಣ ದೊಡ್ಡದಾಗುವಾಗ ಗುಡ್ಡದ ಮೇಲಿನ ನಮ್ಮ ಮನೆಯೂ ನಾಗಬನವೂ ಹೋಗಿ, ನಾವು ಸಿದ್ಧಕಟ್ಟೆಗೆ ಬಂದಿದ್ದೆವು. ನಾಗನ ಕಲ್ಲನ್ನೂ ತಂದು ಇಲ್ಲಿ ಪ್ರತಿಷ್ಠೆ ಮಾಡಿಸಿದ್ದರು. ಆದರೂ ಆ ನಾಗರಪಂಚಮಿಯ ಮಧ್ಯಾಹ್ನ ಅಜ್ಜಿ ಹಾಲು, ಅರಸಿನ ಹಿಡಿದು ನನ್ನನ್ನೂ ಬಸ್ಸು ಹತ್ತಿಸಿದರು.

ವಿಮಾನ ನಿಲ್ದಾಣದ ಗೇಟಿನಲ್ಲಿ ಕಾವಲಿನವನು ತಡೆದ. “ಒಳಗೆ ಬಿಡ್ಲಿಕ್ಕಿಲ್ಲ ಅಮ್ಮ. ಅಲ್ಲಿ ಬನ ಎಲ್ಲುಂಟು? ಈಗ ರನ್‌ವೇ.”

ಅಜ್ಜಿ ತಂತಿಬೇಲಿಯ ಬುಡಕ್ಕೇ ಅರಸಿನ ಹಾಕಿ ಹಾಲೆರೆದರು. ಕೆಂಪು ಮಣ್ಣು ಹೀರಿಕೊಂಡಿತು.

“ನಾಗನನ್ನು ನಾವು ಕರ್ಕೊಂಡು ಹೋಗಿದ್ದೇವಲ್ಲ ಅಜ್ಜಿ?”

“ಕಲ್ಲು ತಕೊಂಡು ಹೋದದ್ದು. ಮಣ್ಣು ಹೊತ್ಕೊಂಡು ಹೋಗ್ಲಿಕ್ಕೆ ಆಗ್ತದಾ?”

ನನಗೆ ಏನೂ ಅರ್ಥವಾಗಲಿಲ್ಲ. ಬನದಲ್ಲಿ ಒಂದು ಎಲೆ ಕಿತ್ತರೂ ಕೈಗೆ ಹೊಡೆಯುತ್ತಿದ್ದ ಅಜ್ಜಿ ಇವರೇ. ಬೇಲಿಯಾಚೆ ಒಂದು ಮರವೂ ಉಳಿದಿರಲಿಲ್ಲ. ಆದರೂ ಅಜ್ಜಿ ಯಾರನ್ನೂ ಬೈಯಲಿಲ್ಲ. ಹಾಗಾದರೆ ಈಗ ಕೀಳಬಹುದೋ ಏನೋ ಎಂದು, ಅವರ ಕಣ್ಣೆದುರೇ, ಬೇಲಿಗೆ ಹಬ್ಬಿದ ಬಳ್ಳಿಯ ಒಂದು ಎಲೆ ಕಿತ್ತೆ.

ಅಜ್ಜಿ ನೋಡಿದರು. ಕೈಗೆ ಹೊಡೆಯದೆ ಬಸ್ಸಿನ ಕಡೆ ನಡೆದರು. ಆ ಎಲೆಯನ್ನು ಎಲ್ಲಿ ಬಿಸಾಡಬೇಕೆಂದು ತಿಳಿಯದೆ, ಸಿದ್ಧಕಟ್ಟೆಯವರೆಗೂ ಮುಷ್ಟಿಯಲ್ಲೇ ಹಿಡಿದು ಬಂದೆ.