ಲ್ಯಾಗ್ ಎಂಬ ನೆಪ

ಗುಂಡಿ ಒತ್ತಿದ್ದಳು. ಒತ್ತಿದ್ದು ನಿಜ, ಬೆರಳಿಗೆ ಗೊತ್ತು. ಆದರೆ ಪರದೆಯ ಮೇಲಿನ ಅವಳ ಬಿಲ್ಲುಗಾರ್ತಿ ಕಣ್ಣು ಮಿಟುಕಿಸುವಷ್ಟು ತಡವಾಗಿ ಬಾಣ ಬಿಟ್ಟಳು. ಅಷ್ಟರಲ್ಲಿ ಎದುರಾಳಿ ಗೋಡೆಯ ಹಿಂದೆ ಮಾಯ.

ಮತ್ತೆ ಹಾಗೇ. ಮತ್ತೂ ಹಾಗೇ.

ಆಟ ತಯಾರಿಸುವ ಈ ಕಂಪನಿಯಲ್ಲಿ ಆಟಗಳನ್ನು ಪರೀಕ್ಷಿಸುವ ಕೆಲಸವೊಂದು ಖಾಲಿಯಿತ್ತು. ತಾನು ದುಡಿಯುವ ಬಟ್ಟೆ ಅಂಗಡಿಯ ಮಾಲೀಕನಿಗೆ ಹಲ್ಲುನೋವೆಂದು ಸುಳ್ಳು ಹೇಳಿ ಅದರ ಸಂದರ್ಶನಕ್ಕೆ ಬಂದಿದ್ದಳು. ಈ ಆಟ ಅವಳಿಗೆ ಅಂಗೈ ಗೆರೆಯಷ್ಟು ಪರಿಚಯ. ಆದರೂ ಪಕ್ಕದ ಕುರ್ಚಿಯ ಕನ್ನಡಕದವನು, ಯಾವ ಗುಂಡಿ ಎಲ್ಲಿದೆಯೆಂದು ಬಗ್ಗಿ ನೋಡಿ ಒತ್ತುವವನು, ಅವಳನ್ನು ಹಣ್ಣುಗಾಯಿ ನೀರುಗಾಯಿ ಮಾಡುತ್ತಿದ್ದ.

"ನಿಮಗೂ ಲ್ಯಾಗ್ ಆಗ್ತಿದೆಯಾ? ನೆಟ್‌ವರ್ಕ್ ನಿಧಾನ ಅನ್ನಿಸ್ತಿಲ್ವಾ?" ಪಿಸುಗುಟ್ಟಿದಳು.

"ಇಲ್ವಲ್ಲ! ನೀರು ಕುಡಿದ ಹಾಗೆ ಹೋಗ್ತಿದೆ. ಮಾವನ ಬಲವಂತಕ್ಕೆ ಬಂದೆ, ನೋಡಿದ್ರೆ ನಾನೇ ಗೆಲ್ತಿದೀನಿ!"

ಹೋಗದೆ ಏನು? ಸಿಕ್ಕಲ್ಲೆಲ್ಲ ಬಾಣ ಎರಚುವವನಿಗೆ ಚೂರು ತಡವಾದರೇನು, ಬೇಗವಾದರೇನು. ಸರಿಯಾದ ಗಳಿಗೆಗೆ ಕಾದು ಹೊಡೆಯುವ ಅವಳಿಗೇ ಪ್ರಾಣಸಂಕಟ. ಅಥವಾ ಅದೂ ತನ್ನ ಭ್ರಮೆಯೇ? ಕೈಯೇ ಜಡವಾಯಿತೇ?

ಸಂದರ್ಶನ ನಡೆಸುತ್ತಿದ್ದ ಮೇಡಂ ಹಿಂದೆಯೇ ನಿಂತಿದ್ದರೂ ಪರದೆಯತ್ತ ನೋಡುತ್ತಲೇ ಇರಲಿಲ್ಲ. ಅವಳ ಮುಖವನ್ನೇ ನೋಡುತ್ತಿದ್ದರು.

ಅಣ್ಣನ ಅಣಕ ಕಿವಿಯಲ್ಲಿ ಕೊರೆಯಿತು. ಎಂದೋ ಒಮ್ಮೆ ಸೋತು ಗೊಣಗಿದರೂ ಸಾಕು, ಮನೆಯವರನ್ನೆಲ್ಲ ಕರೆದು ಕೂಗುತ್ತಿದ್ದ: "ಬನ್ನಿ, ಮಹಾರಾಣಿಯ ನೆಪ ಕೇಳಿ! ಸೋತ್ರೆ ಲ್ಯಾಗು, ಗೆದ್ರೆ ತಾನು!"

ಆಟ ಮುಗಿಯಿತು. ಕನ್ನಡಕದವನು ಗೆದ್ದು, ಎದ್ದು ಹೋದ.

"ಆಡುವಾಗ ಏನಾದ್ರೂ ತೊಂದರೆ ಅನ್ನಿಸ್ತಾಮ್ಮಾ?" ಮೇಡಂ ಬಗ್ಗಿ ಕೇಳಿದರು. "ಸಂಕೋಚ ಬೇಡ, ಹೇಳು."

ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡಳು. ಸೋತು ನೆಪ ಹೇಳುವವಳಿಗೆ ಯಾರು ಕೆಲಸ ಕೊಡುತ್ತಾರೆ?

"ಇಲ್ಲ ಮೇಡಂ. ನನ್ನ ಕೈಯೇ ಇವತ್ತು ಓಡಲಿಲ್ಲ."

"ನಿಜವಾಗ್ಲೂ? ನೆಟ್‌ವರ್ಕು, ಗಿಟ್‌ವರ್ಕು?"

"ಎಲ್ಲ ಚೆನ್ನಾಗಿತ್ತು ಮೇಡಂ. ತಪ್ಪು ನಂದೇ."

ಮೇಡಂ ಮುಖ ಸಪ್ಪಗಾಯಿತು. ಒಳಕೋಣೆಯ ಬಾಗಿಲು ತಳ್ಳಿ, ಅಲ್ಲಿ ಕುಳಿತಿದ್ದವನಿಗೆ ಹೇಳಿದರು:

"ಇವಳ ಮೇಲೆ ಆಸೆ ಇಟ್ಕೊಂಡಿದ್ದೆ ಕಣೋ. ನೀನು ಬೇಕಂತಲೇ ನೆಟ್‌ವರ್ಕ್ ನಿಧಾನ ಮಾಡಿದ್ದನ್ನ ಇವಳೂ ಕಂಡುಹಿಡೀಲಿಲ್ಲ. ಮುಂದಿನವರನ್ನ ಕರಿ."